ಡಯಲ್ ನಡುವಿನ ನಂಬರ್ ಚೀಟಿಯ ಅಳತೆ
ಹಳೆಯ ತಿರುಗು ಡಯಲ್ ಫೋನಿಗೆ ನಂಬರ್ ಚೀಟಿಯನ್ನು (ಡಯಲ್ ನಡುವೆ ಆ ಫೋನಿನ ನಂಬರ್ ತೋರಿಸುವ ದುಂಡು ಕಾಗದ) ಎಷ್ಟು ಅಗಲಕ್ಕೆ ಮುದ್ರಿಸಬೇಕೆಂದು ಕೇಳಿದ್ದೀರಿ. ಮಾದರಿಯಿಂದ ಮಾದರಿಗೆ ಅಳತೆ ಬದಲಾಗುವುದರಿಂದ, ಚೀಟಿಯ ಮೇಲೆ ಕೂರುವ ಪಾರದರ್ಶಕ ಬಿಲ್ಲೆಯನ್ನು ಹೊರತೆಗೆದು, ಅದರ ವ್ಯಾಸವನ್ನು ಕ್ಯಾಲಿಪರ್‌ನಿಂದ ಅಳೆದು, ಚೀಟಿಯನ್ನು ಅದಕ್ಕಿಂತ ಅರ್ಧ ಮಿಲಿಮೀಟರಿನಷ್ಟು ಚಿಕ್ಕದಾಗಿ ಕತ್ತರಿಸುವುದು ಕ್ಷೇಮ. ಚೀಟಿ ಮತ್ತು ಬಿಲ್ಲೆಯನ್ನು ಹಿಡಿದಿಡುವ ಲೋಹದ ಬಳೆ ಅಂಚನ್ನು ಸುತ್ತಲೂ ಮುಚ್ಚುವ ಕಾರಣ ಅಕ್ಷರಗಳು ಅಂಚಿನಿಂದ ಸುಮಾರು 3 ಮಿಲಿಮೀಟರ್ ಒಳಗಿರಲಿ. ಇಲ್ಲವಾದರೆ ಕೊನೆಯ ಅಂಕಿ ಅರ್ಧ ನುಂಗಿಹೋಗುತ್ತದೆ. ಮುದ್ರಿಸುವಾಗ ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆಯನ್ನು ತೆಗೆದು 100% ಅಳತೆಯನ್ನೇ ಇಡಿ (ನನ್ನ ಮೊದಲ ಚೀಟಿ ಕೆಟ್ಟದ್ದು ಇಲ್ಲಿಯೇ). ದಪ್ಪ ಕಾಗದ ಹಾಕಿದರೆ ಬಳೆ ಸರಿಯಾಗಿ ಕೂರುವುದಿಲ್ಲ. ಅಚ್ಚ ಬಿಳಿ ಕಾಗದವೂ ಹಳೆಯ ಫೋನಿನ ನಡುವೆ ಕಣ್ಣಿಗೆ ಹೊಡೆಯುತ್ತದೆಯಾದ್ದರಿಂದ, ತೆಳು ಕೆನೆಬಣ್ಣದ ಕಾಗದದ ಮೇಲೆ ಲೇಸರ್ ಮುದ್ರಣವೇ ನನ್ನ ಆಯ್ಕೆ.