ಕುಲಾಂತರಿ ಬೆಳೆ ಮಾಮೂಲಿ ತಳಿಗಿಂತ ಅಪಾಯಕಾರಿಯೇ?

ಕುಲಾಂತರಿ ಅಂದರೆ ಲ್ಯಾಬ್‌ನಲ್ಲಿ ಜೀನ್ ಸೇರಿಸಿ ಗುಣ ಬದಲಿಸಿದ ಬೆಳೆ. ಬರೀ ಕುಲಾಂತರಿ ಅನ್ನುವ ಕಾರಣಕ್ಕೆ ಅಪಾಯ ಜಾಸ್ತಿ ಆಗುವುದಿಲ್ಲ. ಗಿಡದೊಳಗೆ ಏನು ಬದಲಾಯಿತು ಅನ್ನುವುದೇ ಮುಖ್ಯ.

ಎರಡು ಭತ್ತದ ತಳಿ ಕೂಡಿಸಿ ಹೊಸ ತಳಿ ಮಾಡುವಾಗ ಸಾವಿರಾರು ಜೀನ್‌ಗಳು, ಅಂದರೆ ಗುಣ ತೀರ್ಮಾನಿಸುವ ಅಂಶಗಳು, ಒಟ್ಟಿಗೆ ಬೆರೆಯುತ್ತವೆ. ಬೇಕಾದದ್ದರ ಜೊತೆ ಬೇಡದ್ದೂ ಬರಬಹುದು. ಅಮೆರಿಕದ ‘ಲೆನಾಪೆ’ ಆಲೂಗಡ್ಡೆ ಹೀಗೆ ಮಾಮೂಲಿ ಸಂಕರದಿಂದಲೇ ಬಂದಿದ್ದು. ಅದರಲ್ಲಿ ಸೋಲನೈನ್‌ನಂಥ ವಿಷ ಮಿತಿಮೀರಿತ್ತು. 1970ರಲ್ಲಿ ವಾಪಸ್ ತೆಗೆದುಕೊಂಡರು.

ಕುಲಾಂತರಿಯಲ್ಲಿ ಸಾಮಾನ್ಯವಾಗಿ ಒಂದೆರಡೇ ಜೀನ್ ಸೇರಿಸುತ್ತಾರೆ. ಅದು ಬೇರೆ ಜೀವಿಯದ್ದಾಗಿರಬಹುದು, ಕಾಯಿಕೊರಕ ಹುಳು ತಡೆಯಲು ಮಾಡಿದ ಬಿಟಿ ಹತ್ತಿಯಲ್ಲಿ ಮಣ್ಣಿನ ಬ್ಯಾಕ್ಟೀರಿಯಾದ್ದು. ಅದರಿಂದ ಹುಟ್ಟುವ ಪ್ರೋಟೀನ್ ಅಲರ್ಜಿ ತರುತ್ತದಾ, ವಿಷವಾ ಅಂತ ಮೊದಲೇ ಪರೀಕ್ಷೆ ಮಾಡುತ್ತಾರೆ. ಮಾಮೂಲಿ ತಳಿಗೆ ಇಷ್ಟು ತಪಾಸಣೆ ಇಲ್ಲ.

ಹಾಗಂತ ತಲೆನೋವೇ ಇಲ್ಲ ಅಂತಲ್ಲ. ಗುಲಾಬಿ ಕಾಯಿಕೊರಕ ಹುಳು ಬಿಟಿ ಹತ್ತಿಗೆ ಒಗ್ಗಿಕೊಂಡಿದೆ. ಬೀಜಕ್ಕೆ ಕಂಪನಿ ಮುಂದೆ ಕೈಚಾಚಬೇಕು ಅನ್ನುವ ದೂರೂ ನ್ಯಾಯವೇ. ಆದರೆ ಅವು ಊಟದ ಸುರಕ್ಷತೆಯ ಪ್ರಶ್ನೆಗಳಲ್ಲ, ಅಲ್ವಾ?

ಅಂದಹಾಗೆ, ಶಿಕಾರಿಪುರ, ಸೊರಬದ ಕಡೆ ಬೆಳೆಯುವ ಹೈಬ್ರಿಡ್ ಮೆಕ್ಕೆಜೋಳವನ್ನು ಸುಮ್ನೆ ಕುಲಾಂತರಿ ಅಂದುಕೊಳ್ಳಬೇಡಿ. ಅದು ಎರಡು ಮೆಕ್ಕೆಜೋಳದ ತಳಿಗಳ ಸಂಕರ, ಅಷ್ಟೇ.