ಗೋಡೆಯ ಬೂಷ್ಟು: ಬಣ್ಣಕ್ಕೂ ಮೊದಲು ನೀರಿನ ದಾರಿ ಹುಡುಕಿ

ಪ್ರಶ್ನೆ: ಮಲಗುವ ಕೋಣೆಯಲ್ಲಿ ಕಪಾಟಿನ ಹಿಂದಿನ ಗೋಡೆಗೆ ಪ್ರತಿ ಮಳೆಗಾಲ ಕಪ್ಪು ಚುಕ್ಕೆಗಳೇಳುತ್ತವೆ, ಮುಗ್ಗಲು ವಾಸನೆ ಬೇರೆ. ದೀಪಾವಳಿಗೆ ಬಣ್ಣ ಹೊಡೆಸಿದರೂ ಮುಂದಿನ ಜುಲೈಗೆ ಮತ್ತೆ ಅದೇ ಪಾಡು. ಕಪ್ಪು ಬೂಷ್ಟು ವಿಷ ಎನ್ನುತ್ತಾರೆ, ನಿಜವೇ?
– ಓದುಗರು, ಡೊಂಬಿವಲಿ

ಉತ್ತರ: ಬಣ್ಣ ನೋಡಿ ಬೂಷ್ಟಿನ ಜಾತಿಯನ್ನಾಗಲಿ ಅಪಾಯವನ್ನಾಗಲಿ ಹೇಳಲಾಗದು. ಕಪ್ಪಿರಲಿ, ಹಸಿರಿರಲಿ, ದಮ್ಮು ಅಥವಾ ಅಲರ್ಜಿ ಇದ್ದವರಿಗೆ ಅದು ತೊಂದರೆ ಕೊಡಬಲ್ಲದು, ತೆಗೆಯಲೇಬೇಕು. ಪ್ರಯೋಗಾಲಯದ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಪತ್ತೆ ಮಾಡಿ.

ಕಪಾಟು ಸರಿಸಿ, ಗೋಡೆಯ ಮೇಲ್ಮೈ ಒರೆಸಿ ಆರಲು ಬಿಡಿ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಹಚ್ಚಿ ಅಂಟಿಸಿ, ಎರಡು ದಿನ ಬಿಡಿ. ಗೋಡೆಗೆ ತಾಗಿದ ಮಗ್ಗುಲಲ್ಲಿ ಹನಿ ಕಂಡರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಕೋಣೆಯ ಕಡೆಯ ಮಗ್ಗುಲು ಒದ್ದೆಯಾದರೆ ಗಾಳಿಯಲ್ಲಿನ ತೇವವೇ ತಣ್ಣನೆಯ ಗೋಡೆಯ ಮೇಲೆ ಕೂರುತ್ತಿದೆ. ಏಸಿ ಹಾಕುವ ಕೋಣೆಗಳಲ್ಲಿ ಇದು ಹೆಚ್ಚು.

ಒಳಗಿಂದ ಬರುವ ನೀರಿಗೂ ಎರಡು ಬಗೆಯ ಮೂಲ. ಮಳೆಗಾಲದಲ್ಲಷ್ಟೇ ಒದ್ದೆಯಾದರೆ ಹೊರಗೋಡೆಯ ಬಿರುಕು, ಕಿಟಕಿಯ ಕೆಳಅಂಚು, ಟೆರೇಸ್ ನೋಡಿಸಿ. ನಿಮ್ಮದು ಬಹುಶಃ ಇದೇ. ಬೇಸಿಗೆಯಲ್ಲೂ ಕಲೆ ಆರದಿದ್ದರೆ ಪಕ್ಕದ ಅಥವಾ ಮೇಲ್ಮನೆಯ ಬಚ್ಚಲನ್ನು ಸಂಶಯಿಸಿ: ನಹಾಣಿ ಟ್ರ್ಯಾಪಿನ (ಬಚ್ಚಲ ನೆಲದಲ್ಲಿ ನೀರು ಹೋಗುವ ತೂಬು) ಸುತ್ತಲ ಸಂದು, ಟೈಲ್ಸ್ ನಡುವಿನ ಗ್ರೌಟ್, ಗೋಡೆಯೊಳಗಿನ ಪೈಪು. ಟ್ರ್ಯಾಪಿನ ಬಾಯಿ ಮುಚ್ಚಿ, ತಿನಿಸಿಗೆ ಹಾಕುವ ಬಣ್ಣ ಬೆರೆಸಿದ ನೀರನ್ನು ಒಂದಿಂಚು ನಿಲ್ಲಿಸಿ 24 ತಾಸು ಕಾಯಿರಿ. ಕೆಳಗೆ ಬಣ್ಣ ಇಳಿದರೆ ಸಂಶಯ ಉಳಿಯುವುದಿಲ್ಲ. ಇಳಿಯದಿದ್ದರೂ ಪೈಪು ಸರಿಯಿದೆ ಎಂದಾಗದು, ಅದನ್ನು ಪ್ಲಂಬರ್ ಬೇರೆಯಾಗಿ ಪರೀಕ್ಷಿಸಬೇಕು. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಯಂತೆ ಮಳೆನೀರು ಮತ್ತು ಸಾಮೂಹಿಕ ಪೈಪಿನ ಸೋರಿಕೆಯ ದುರಸ್ತಿ ಸೊಸೈಟಿಯ ಖರ್ಚು. ಫ್ಲ್ಯಾಟಿನೊಳಗಿನ ಶೌಚಾಲಯ, ಸಿಂಕಿನ ಸೋರಿಕೆ ಆ ಫ್ಲ್ಯಾಟಿನವರದು. ಆದ್ದರಿಂದ ಫೋಟೊ ಸಮೇತ ಸೆಕ್ರೆಟರಿಯವರಿಗೆ ಲಿಖಿತ ಅರ್ಜಿಯನ್ನೇ ಕೊಡಿ.

ಬೂಷ್ಟು ಮೂರಡಿಗೆ ಮೂರಡಿಯೊಳಗಿದ್ದರೆ ನೀವೇ ತೆಗೆಯಬಹುದು. ಎನ್95 ಮಾಸ್ಕ್, ರಬ್ಬರ್ ಕೈಗವಸು, ಕನ್ನಡಕ ಬೇಕು. ಕಿಟಕಿ ತೆರೆಯಿರಿ, ಫ್ಯಾನ್ ಆರಿಸಿ. ಒಣ ಬ್ರಷ್‌ನಿಂದ ಉಜ್ಜಲೇಬೇಡಿ. ಕಣ್ಣಿಗೆ ಕಾಣದ ಬೀಜಕಣಗಳು ಇಡೀ ಮನೆಗೆ ಹರಡುತ್ತವೆ. ಸೋಪಿನ ನೀರು ಸಿಂಪಡಿಸಿ, ಉಜ್ಜಿ, ಒರೆಸಿ. ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಉಬ್ಬಿದ ಪುಟ್ಟಿಯನ್ನು ಒದ್ದೆ ಮಾಡಿಕೊಂಡು ಪ್ಲಾಸ್ಟರ್ ಕಾಣುವವರೆಗೆ ಕೆರೆದು ತೆಗೆಯಿರಿ. ಬ್ಲೀಚ್ ಟೈಲ್ಸ್‌ಗೆ ಸರಿ, ಲೀಟರ್ ನೀರಿಗೆ 60 ಮಿ.ಲೀ. ಸಾಕು. ಬರೀ ಪ್ಲಾಸ್ಟರಿನ ಆಳಕ್ಕೆ ಅದು ಇಳಿಯುವುದಿಲ್ಲ. ಶೌಚಾಲಯದ ಆ್ಯಸಿಡ್ ಅಥವಾ ಅಮೋನಿಯಾ ಇರುವ ಯಾವುದನ್ನೂ ಬ್ಲೀಚಿಗೆ ಸೇರಿಸಬೇಡಿ, ವಿಷಾನಿಲ ಏಳುತ್ತದೆ.

ನಿಮ್ಮ ಮನೆಯಲ್ಲಿ ಎಡವಟ್ಟಾಗುತ್ತಿರುವುದು ದೀಪಾವಳಿಯ ಅವಸರದಿಂದಲೂ ಇರಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಕುಡಿದ ಗೋಡೆ ಅಷ್ಟರಲ್ಲಿ ಆರಿರುವುದು ಕಷ್ಟ. ಹೊಸ ಬಣ್ಣ ಆ ತೇವವನ್ನು ಒಳಗೇ ಕೂಡಿಹಾಕುತ್ತದೆ. ಸೋರಿಕೆ ನಿಲ್ಲಿಸಿ, ಡಿಸೆಂಬರ್‌ನಲ್ಲಿ ಅದೇ ಪ್ಲಾಸ್ಟಿಕ್ ಪರೀಕ್ಷೆ ಮತ್ತೊಮ್ಮೆ ಮಾಡಿ. ಹನಿ ಇಲ್ಲದಿದ್ದರೆ ಮಾತ್ರ ಪ್ರೈಮರ್, ಪುಟ್ಟಿ, ಬಣ್ಣ. ಕಪಾಟನ್ನು ಗೋಡೆಯಿಂದ ಮೂರಿಂಚು ದೂರವಿಡಿ. ಆ ಕೋಣೆಯಲ್ಲಿ ಒದ್ದೆಬಟ್ಟೆ ಹರವಬೇಡಿ. ಗಾಳಿಯ ತೇವ ಅಳೆಯುವ ಒಂದು ಆರ್ದ್ರತಾಮಾಪಕ ತಂದಿಟ್ಟರೆ ಒಳ್ಳೆಯದು: ಅಂಕಿ ಶೇ. 60ಕ್ಕಿಂತ ಕೆಳಗಿರಬೇಕು.

ಪ್ರಶ್ನೆ: ಡಾಂಬರ ಗುಳಿಗೆ ಇಟ್ಟಿದ್ದರೂ ಅಮ್ಮನ ಇಳಕಲ್ ಸೀರೆಗಳಿಗೆ ಬಿಳಿ ಬೂಷ್ಟು ಬಂದಿದೆ. ಏನು ಮಾಡಲಿ?
– ಓದುಗರು, ಕೊಥ್ರುಡ್, ಪುಣೆ

ಉತ್ತರ: ಡಾಂಬರ ಗುಳಿಗೆ ಓಡಿಸುವುದು ಹುಳವನ್ನು, ತೇವಕ್ಕೂ ಅದಕ್ಕೂ ಸಂಬಂಧವಿಲ್ಲ. ಬೂಷ್ಟಿಗೆ ಬಟ್ಟೆಯಲ್ಲುಳಿದ ಗಂಜಿ, ಬೆವರು, ಧೂಳೇ ಆಹಾರ. ಉಟ್ಟ ಸೀರೆಯನ್ನು ಹಾಗೇ ಮಡಚಿಡುವುದರಿಂದ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟುವುದರಿಂದ ಅದು ಬೆಳೆಯುತ್ತದೆ. ಮಳೆಯಿಲ್ಲದ ದಿನ ಬಾಲ್ಕನಿಯ ನೆರಳಲ್ಲಿ ಹರವಿ, ಪೂರ್ತಿ ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು ಮೆತ್ತನೆಯ ಬ್ರಷ್‌ನಿಂದ ಒಂದೇ ದಿಕ್ಕಿಗೆ ಝಾಡಿಸಿ. ರೇಷ್ಮೆ ಸೆರಗು, ದಡಿಯ ಕಲೆಗೆ ಮನೆಮದ್ದು ಬೇಡ, ಡ್ರೈಕ್ಲೀನಿಂಗ್‌ಗೆ ಕೊಡಿ. ಹಳೆಯ ಕಲೆ ಪೂರ್ತಿ ಹೋಗದಿರಬಹುದು. ಕಪಾಟು ಒರೆಸಿ, ಒಣಗಿಸಿ, ಸೀರೆಗಳನ್ನು ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಕ್ಯಾಲ್ಸಿಯಂ ಕ್ಲೋರೈಡಿನ ತೇವ ಹೀರುವ ಡಬ್ಬಿಯನ್ನು ಕೆಳಗಿನ ಅರೆಯಲ್ಲೇ ಇಡಿ. ಅದರಲ್ಲಿ ತುಂಬುವ ನೀರು ರೇಷ್ಮೆಗೆ ತಾಗಬಾರದು.

ಪ್ರಶ್ನೆ: ಹಳೆಯ ಚಿರೆಕಲ್ಲಿನ ಮನೆ. ಮೊಣಕಾಲೆತ್ತರದವರೆಗೆ ಗೋಡೆಯಿಂದ ಬಿಳಿ ಹಿಟ್ಟು ಉದುರುತ್ತದೆ. ಇದೂ ಬೂಷ್ಟೇ?
– ಓದುಗರು, ವಾಸ್ಕೋ, ಗೋವಾ

ಉತ್ತರ: ಹೆಚ್ಚಾಗಿ ಉಪ್ಪು. ಚಿಟಿಕೆಯಷ್ಟನ್ನು ನೀರಿಗೆ ಹಾಕಿ. ಕರಗಿದರೆ ಉಪ್ಪು, ಬೂಷ್ಟು ಕರಗುವುದಿಲ್ಲ. ನೆಲದ ತೇವ ಕಲ್ಲಿನೊಳಗೆ ಮೇಲೇರಿ, ಆವಿಯಾಗುವಲ್ಲಿ ಉಪ್ಪನ್ನು ಬಿಟ್ಟುಹೋಗುತ್ತದೆ. ಉಪ್ಪೆಂದು ಖಚಿತವಾದ ಮೇಲೆ ಒಣ ಬ್ರಷ್ಷನ್ನೇ ಬಳಸಿ. ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಸೇರುತ್ತದೆ. ಉದುರಿದ ಪುಡಿಯನ್ನು ಗೋಡೆಯ ಬುಡದಲ್ಲಿ ಬಿಡದೆ ದೂರ ಎಸೆಯಿರಿ. ಸಿಮೆಂಟ್ ಪ್ಲಾಸ್ಟರ್, ಎಣ್ಣೆಬಣ್ಣ ಬಳಿಸಬೇಡಿ, ಆವಿಗೆ ದಾರಿ ಕಟ್ಟಿ ತೇವ ಇನ್ನೂ ಮೇಲೇರುತ್ತದೆ. ಸುಣ್ಣದ ಗಾರೆ, ಸುಣ್ಣದ ಬಳಿತವೇ ಇರಲಿ. ಹೊರಗಡೆ ಗೋಡೆಗೆ ಒತ್ತಿಕೊಂಡ ಮಣ್ಣು, ಹೂಪಾತಿ ತೆಗೆಸಿ, ಮಾಡಿನ ನೀರು ಬುಡದಲ್ಲಿ ನಿಲ್ಲದೆ ಆಚೆ ಹರಿಯುವಂತೆ ಕಾಲುವೆ ಮಾಡಿಸಿ.