ಮನೆ ಎಲ್ಲಿ ಕಟ್ಟುತ್ತೇವೆ ಅನ್ನೋದಕ್ಕೂ ಗಾಡಿ ಹೊಗೆಗೂ ಏನು ಸಂಬಂಧ?

ಎಲ್ಲರೂ ಎಲೆಕ್ಟ್ರಿಕ್ ಗಾಡಿ ತಗೊಂಡರೆ ಸಾಲದೇ, ಹೊಗೆ ಕಡಿಮೆ ಮಾಡೋ ಮಾತಿನಲ್ಲಿ ಮನೆ, ಲೇಔಟ್ ಯಾಕೆ ಬರುತ್ತವೆ ಅಂತ ಕೇಳಿದ್ದೀರಿ. ನಾನು ಹುಬ್ಬಳ್ಳಿಯವಳು. ನಮ್ಮ ಮನೆಯ ಲೆಕ್ಕವನ್ನೇ ಹೇಳುತ್ತೇನೆ.

ಮೊದಲು ನಾವು ಹುಬ್ಬಳ್ಳಿ-ಧಾರವಾಡದ ನಡುವಿನ ನವನಗರದಲ್ಲಿ ಬಾಡಿಗೆಗೆ ಇದ್ದೆವು. ನನ್ನ ಕೆಲಸ ಧಾರವಾಡದಲ್ಲಿ, ನಮ್ಮನೆಯವರದು ಹುಬ್ಬಳ್ಳಿಯಲ್ಲಿ. ಐದು ನಿಮಿಷ ನಡೆದರೆ ಚಿಗರಿ, ಅಂದರೆ ಎರಡೂ ಊರುಗಳ ನಡುವೆ ಓಡುವ ವೇಗದ ಸಿಟಿ ಬಸ್ಸು. ಅವರು ಆ ಕಡೆ, ನಾನು ಈ ಕಡೆ. ಇದ್ದ ಒಂದು ಸ್ಕೂಟರ್ ವಾರದಲ್ಲಿ ಎರಡು ದಿನ ಹೊರಗೆ ಬಂದರೆ ಹೆಚ್ಚು. ಆಮೇಲೆ ಸ್ವಂತ ಮನೆಯ ಆಸೆ. ನವನಗರದ ಪ್ಲಾಟ್ ನಮ್ಮ ಕೈಗೆಟುಕಲಿಲ್ಲ. ಊರಾಚೆ ಕುಸುಗಲ್ ರಸ್ತೆಯ ಕಡೆ ಹೊಸ ಲೇಔಟ್‌ನಲ್ಲಿ ಸಿಕ್ಕಿತು, ಕಟ್ಟಿಸಿದೆವು.

ಈಗ ಮನೆಯಲ್ಲಿ ಎರಡು ಸ್ಕೂಟರ್. ನಾನು ಹುಬ್ಬಳ್ಳಿಯ ಹೊಸೂರಿನವರೆಗೆ ಸ್ಕೂಟರ್‌ನಲ್ಲಿ ಹೋಗಿ ಚಿಗರಿ ಹತ್ತುತ್ತೇನೆ. ಅವರ ಓಡಾಟ, ಮಗಳ ಶಾಲೆ, ಟ್ಯೂಷನ್ ಎಲ್ಲ ಸೇರಿ ದಿನಕ್ಕೆ 45 ಕಿ.ಮೀ. ಅಂದರೆ ಒಂದು ಲೀಟರ್ ಪೆಟ್ರೋಲ್. ಒಂದು ಲೀಟರ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ವರ್ಷಕ್ಕೆ 300 ದಿನ ಅಂತ ಹಿಡಿದರೂ ಸುಮಾರು 700 ಕೆ.ಜಿ. ನಮ್ಮ ಸ್ವಭಾವ ಏನೂ ಬದಲಾಗಿಲ್ಲ, ವಿಳಾಸ ಬದಲಾಯಿತು ಅಷ್ಟೇ.

ಎಲೆಕ್ಟ್ರಿಕ್ ಗಾಡಿ ಒಳ್ಳೆಯದೇ. ಆದರೆ ಅದರ ಕರೆಂಟಿನಲ್ಲಿ ರಾಯಚೂರಿನ ವಿದ್ಯುತ್ ಸ್ಥಾವರದಲ್ಲಿ ಉರಿಯುವ ಕಲ್ಲಿದ್ದಲಿನ ಪಾಲೂ ಇರುತ್ತದೆ. ದೂರವಂತೂ ಒಂದು ಮೀಟರ್ ಕೂಡ ಕಡಿಮೆಯಾಗುವುದಿಲ್ಲ.

ನನಗೆ ನಿಜಕ್ಕೂ ಸಂಕಟ ಆಗುವುದು ಚಿಗರಿ ದಾರಿಯನ್ನು ನೋಡಿದಾಗ. ಅವಳಿ ನಗರದ ನಡುವೆ ಸುಮಾರು 22 ಕಿ.ಮೀ. ಮಾರ್ಗ, ಅದರಲ್ಲಿ ಬಹುಪಾಲು ಬಸ್ಸಿಗೇ ಬೇರೆ ದಾರಿ. 2018ರಿಂದ ಬಸ್ಸು ಓಡುತ್ತಿವೆ. ಇಷ್ಟು ಖರ್ಚು ಮಾಡಿದ ಮೇಲೆ ಆ ಸ್ಟಾಪುಗಳ ಸುತ್ತ ಮಂದಿ ವಾಸ ಮಾಡಬೇಕಲ್ವಾ? ಅಲ್ಲಿ ಕಾಣುವುದು ಕಾರ್ ಶೋರೂಮು, ಕಲ್ಯಾಣ ಮಂಟಪ, ಖಾಲಿ ಜಾಗ. ಹೊಸ ಮನೆಗಳು ಮಾತ್ರ ಊರಾಚೆ ಎರಿ ಹೊಲಗಳಲ್ಲಿ ಏಳುತ್ತಿವೆ. ಬ್ರೆಜಿಲ್‌ನ ಕುರಿಟಿಬಾದಲ್ಲಿ 1974ರಲ್ಲೇ ಬಸ್ಸಿಗೆ ಬೇರೆ ದಾರಿ ಮಾಡಿದರು. ಜೊತೆಗೇ ಆ ದಾರಿಯ ಪಕ್ಕ ಎತ್ತರದ ಕಟ್ಟಡಗಳಿಗೆ ಅನುಮತಿ ಕೊಟ್ಟರು, ದೂರ ಹೋದಂತೆ ಎತ್ತರ ಇಳಿಸಿದರು. ಬಸ್ಸೂ ಮನೆಯೂ ಒಂದೇ ನಕ್ಷೆಯಲ್ಲಿ ಬಂದವು.

ಇಲ್ಲೂ ಸ್ಟಾಪಿನಿಂದ ಅರ್ಧ ಕಿ.ಮೀ. ಒಳಗೆ ನಾಲ್ಕೈದು ಮಹಡಿ ಕಟ್ಟಲು ಬಿಡಲಿ. ಆದರೆ ಸುಮ್ನೆ ಬಿಟ್ಟರೆ ಜಾಗದ ರೇಟು ಏರಿ ಬಾಡಿಗೆಯವರು ಇನ್ನೂ ದೂರ ಹೋಗಬೇಕಾಗುತ್ತದೆ. ಅದಕ್ಕೇ ಹೆಚ್ಚಿನ ಮಹಡಿ ಬೇಕೆಂದವರು ಒಂದಿಷ್ಟು ಸಣ್ಣ ಮನೆಗಳನ್ನೂ ಕಟ್ಟಲೇಬೇಕು ಅನ್ನೋ ಷರತ್ತು ಇರಬೇಕು. ನನ್ನ ಪಾಲಿಗೆ ಇದೇ ಮುಖ್ಯ. ಅಂಥ ಮನೆ ಸಿಕ್ಕಿದ್ದರೆ ನಾವು ನವನಗರ ಬಿಡುತ್ತಲೇ ಇರಲಿಲ್ಲ.

ಇನ್ನೊಂದು, ಅಂಗಡಿ ಮತ್ತು ಶಾಲೆ. ನನ್ನ ತವರು ಹಳೇ ಹುಬ್ಬಳ್ಳಿಯ ಓಣಿಯಲ್ಲಿ. ಗಿರಣಿ, ಕಿರಾಣಿ, ಶಾಲೆ ಎಲ್ಲ ನಡೆದೇ ಹೋಗುವಷ್ಟು ಹತ್ತಿರ. ನಮ್ಮ ಲೇಔಟ್‌ನಲ್ಲಿ ಸಾರ್ವಜನಿಕ ಸೌಲಭ್ಯಕ್ಕೆ ಅಂತ ಬಿಟ್ಟ ಸಿಎ ಸೈಟಿನಲ್ಲಿ ಜಾಲಿ ಬೆಳೆದಿದೆ. ಕೊತ್ತಂಬರಿಗೂ ಗಾಡಿ ತೆಗೆಯಬೇಕು.

ನೀವೂ ಪ್ಲಾಟ್ ಹುಡುಕುತ್ತಿದ್ದರೆ ಭಾನುವಾರ ಏಜೆಂಟರ ಕಾರಿನಲ್ಲಿ ಹೋಗಿ ನೋಡಬೇಡಿ. ಸೋಮವಾರ ಬೆಳಗ್ಗೆ 8ಕ್ಕೆ ಹೋಗಿ, ಅಲ್ಲಿಂದ ಗಾಡಿ ಇಲ್ಲದೆ ನಿಮ್ಮ ಆಫೀಸು ಮುಟ್ಟಿ ನೋಡಿ. ನಾವು ಹಾಗೆ ನೋಡಲಿಲ್ಲ.